ಗುದ್ದಲಿಗೆ ಸ್ವಲ್ಪ ರಜೆ ಕೊಡಿ

ಇಂಗ್ಲೆಂಡಿನಲ್ಲಿ ತರಕಾರಿ ಬೆಳೆಯಲು ಕೌನ್ಸಿಲ್‌ನವರು ಬಾಡಿಗೆಗೆ ಕೊಡುವ ತುಂಡು ಜಾಗಕ್ಕೆ ಅಲಾಟ್‌ಮೆಂಟ್ ಅಂತಾರೆ. ಪೂರ್ತಿ ಪ್ಲಾಟ್ ಅಂದ್ರೆ ಸುಮಾರು 250 ಚದರ ಮೀಟರ್. ಕಳೆ ಬೆಳೆಯೋಕೆ ಬಿಟ್ರೆ ನೋಟಿಸ್ ಬರುತ್ತೆ. ಆ ಭಯಕ್ಕೋ ಏನೋ, ಮಾರ್ಚ್ ಬಂದರೆ ಎಲ್ಲರಿಗೂ ಅಗೆಯುವ ಆತುರ. ಹೋದ ವರ್ಷ ನಾನೂ ಒದ್ದೆ ಜೇಡಿಮಣ್ಣನ್ನೇ ಅಗೆದು ಹಾಕಿದೆ. ಬಿಸಿಲಿಗೆ ಇಟ್ಟಿಗೆಯಾಯ್ತು. ಒಂದು ಕ್ಯಾರೆಟ್ಟೂ ನೆಟ್ಟಗೆ ಇಳಿಯಲಿಲ್ಲ. ಫೋನಿನಲ್ಲಿ ಅಪ್ಪ ಕೇಳಿದ್ದು ಒಂದೇ: "ಹದ ನೋಡಿದ್ಯೇನೋ?"

ಹಿಡಿ ಮಣ್ಣು ಹಿಚುಕಿ ನೋಡಿ. ಅಂಟು ಉಂಡೆಯಾದರೆ ಮುಟ್ಟಬೇಡಿ, ಉದುರಿದರೆ ಹದ ಬಂದಿದೆ. ಈ ಸಲ ನಾನು ಅಗೆಯಲೇ ಇಲ್ಲ. ಕಳೆಯ ಮೇಲೆ ರಟ್ಟು ಹಾಸಿ ನಾಲ್ಕು ಇಂಚು ಕಾಂಪೋಸ್ಟ್ ಹರಡಿದೆ, ಉಳುವ ಕೆಲಸ ಎರೆಹುಳುಗಳಿಗೆ ಬಿಟ್ಟೆ. ಪಕ್ಕದ ಪ್ಲಾಟಿನ ಅಜ್ಜ ಸೋಮಾರಿ ಅಂತ ನಗ್ತಾರೆ. ನಗಲಿ... ಬೆವರು ಸುರಿಸಿದ್ದೆಲ್ಲ ಬೇಸಾಯ ಅಲ್ಲ ಅನ್ನೋದು ನನ್ನ ವಾದ. ನೀವೇನಂತೀರಿ?