ಒಂದೇ ಪೆಟ್ಟಿಗೆಯ ಎರಡು ಪ್ರತಿಗಳು

ಮನೆಯ ಗಣಕಯಂತ್ರಕ್ಕೆ ಎರಡು ಹಾರ್ಡ್ ಡಿಸ್ಕುಗಳನ್ನು ಜೋಡಿಸಿ, ಒಂದರಲ್ಲಿ ಬರೆದುದು ಮತ್ತೊಂದರಲ್ಲಿಯೂ ಒಡನೆಯೇ ಮೂಡುವಂತೆ ಮಾಡುವ ಏರ್ಪಾಡಿಗೆ ‘ರೇಡ್ ೧’ ಎಂದು ಹೆಸರು. ಒಂದು ಕೆಟ್ಟರೂ ಇನ್ನೊಂದರಿಂದ ಕೆಲಸ ಸಾಗುವುದು; ಇದು ಮೆಚ್ಚತಕ್ಕುದೇ. ಆದರೆ ಇಷ್ಟರಿಂದಲೇ ಬರಹಗಳು ಸುರಕ್ಷಿತವೆಂಬ ನಂಬುಗೆಯನ್ನು ನಾವು ಒಪ್ಪಲಾರೆವು. ಕೈತಪ್ಪಿ ಅಳಿಸಿದುದು ಎರಡರಲ್ಲಿಯೂ ಅಳಿಯುವುದು. ೨೦೦೬ರ ಆಗಸ್ಟಿನಲ್ಲಿ ಉಕಾಯಿ ಜಲಾಶಯದಿಂದ ಬಿಟ್ಟ ನೀರಿನಿಂದ ತಾಪಿ ನದಿಯು ಉಕ್ಕಿ, ಸೂರತ್ ನಗರದ ಬಹುಭಾಗವು ಮುಳುಗಿತು. ಅಂಥ ನೀರು ಒಂದೇ ಪೆಟ್ಟಿಗೆಯ ಎರಡು ಡಿಸ್ಕುಗಳನ್ನೂ ಒಟ್ಟಿಗೆ ಕೆಡಿಸದೆ ಬಿಡದು. ಇದೇ ಗುಜರಾತಿನ ಗಿರಿನಾರದಲ್ಲಿ ಧರಸೇನಾಚಾರ್ಯರು ಉಪದೇಶಿಸಿದರೆಂಬ ಷಟ್ಖಂಡಾಗಮವು ಉಳಿದು ಬಂದುದು ದೂರದ ಮೂಡಬಿದಿರೆಯ ತಾಳೆಯೋಲೆಗಳಲ್ಲಿ! ನಾವು ಹೊರನಾಡ ಕನ್ನಡಿಗರು ಮೂರನೆಯ ಪ್ರತಿಯೊಂದನ್ನು ಬೇರೆ ಡಿಸ್ಕಿಗೆ ಇಳಿಸಿ ಊರಿನ ಬಂಧುಗಳ ಮನೆಯಲ್ಲಿರಿಸಿ, ರಜೆಗೆ ಹೋದಾಗಲೆಲ್ಲ ಹೊಸತನ್ನು ಸೇರಿಸಿ ಬರುವುದು ಮೇಲು.