ಅಭಯದಾನಕ್ಕೆ ರಸೀದಿ ಇಲ್ಲ

2025ರ ಕ್ಷಮಾವಣಿಯ ದಿನ ಬೆಳಿಗ್ಗೆ, ಪುಣೆಯ ವಿಮಾನ ನಗರದಲ್ಲಿರುವ ನಮ್ಮ ವಸತಿ ಸಂಕೀರ್ಣದ ವಾಟ್ಸಾಪ್ ಗುಂಪಿನಲ್ಲಿ ಕ್ಷಮಾಯಾಚನೆಯ ಸಂದೇಶಗಳು ಸಾಲುಗಟ್ಟಿ ಬಂದವು. ಕೈಮುಗಿದ ಚಿತ್ರ, ಕಮಲದ ಚಿತ್ರ, ಸಕಲ ಜೀವರಾಶಿಗಳಲ್ಲಿಯೂ ಮನ-ವಚನ-ಕಾಯದಿಂದ ಕ್ಷಮೆ ಕೋರುವ ಒಕ್ಕಣೆ. ಅದೇ ಸಂಜೆ ಅದೇ ಗುಂಪಿನಲ್ಲಿ, ಬೆಳಿಗ್ಗೆ ಕಮಲ ಕಳುಹಿಸಿದ ಕೈಯಿಂದಲೇ, ಆಡಳಿತ ಸಮಿತಿಯ ಸೂಚನೆಯೊಂದು ಬಂತು: ಯಾವ ನಿವಾಸಿಯೂ ಬೀದಿನಾಯಿಯನ್ನು ತಾತ್ಕಾಲಿಕವಾಗಿಯೂ ಮನೆಗೆ ತರತಕ್ಕದ್ದಲ್ಲ, ಈಗಾಗಲೇ ತಂದವರು ಮೂರು ದಿನಗಳೊಳಗೆ ಹೊರಗೆ ಬಿಡತಕ್ಕದ್ದು. ಹೊರಗೆ ಎಂದರೆ ಎಲ್ಲಿ ಎಂಬುದನ್ನು ಬರೆದಿರಲಿಲ್ಲ.

ಸೂಚನೆ ನಮ್ಮ ಮನೆಯನ್ನು ಕುರಿತದ್ದೆಂಬುದು ಎಲ್ಲರಿಗೂ ತಿಳಿದಿತ್ತು. ನಮ್ಮಲ್ಲಿ ರಾಣಿ ಎಂಬ ಹದಿಮೂರು ವರ್ಷದ ನಾಯಿಯಿದೆ. ಒಂದು ವರ್ಷದಿಂದ ಅದರ ಮೂತ್ರಪಿಂಡಗಳು ಸೋಲುತ್ತ ಬಂದಿವೆ. ಎರಡು ದಿನಕ್ಕೊಮ್ಮೆ ಹೆಗಲ ಮೇಲಿನ ಸಡಿಲ ಚರ್ಮವನ್ನು ಎತ್ತಿ ಹಿಡಿದು, ಸೂಜಿ ಚುಚ್ಚಿ, ರಿಂಗರ್ಸ್ ಲ್ಯಾಕ್ಟೇಟ್ ದ್ರವವನ್ನು ಇಳಿಸಬೇಕು. ಊಟಕ್ಕೆ ಮುಂಚೆ ವಾಕರಿಕೆಯ ಮಾತ್ರೆ, ರಾತ್ರಿ ಮೂರು ಬಾರಿ ಎದ್ದು ಹೊರಗೆ ಕರೆದೊಯ್ಯುವುದು. ಹೀಗಿರುವಾಗ ಆಗಸ್ಟ್ ತಿಂಗಳ ಕೊನೆಯಲ್ಲಿ, ನಗರ್ ರೋಡಿನ ಪಕ್ಕದ ಕಟ್ಟಡ ಕಾಮಗಾರಿಯ ಗುಂಡಿಯಿಂದ ಮೇಲೆತ್ತಿದ ಎಳೆಯ ಹೆಣ್ಣುನಾಯಿಯೊಂದಕ್ಕೆ ಹದಿನೈದು ದಿನ ಜಾಗ ಕೊಡುವಿರಾ ಎಂದು ಪರಿಚಯದ ಸ್ವಯಂಸೇವಕಿಯೊಬ್ಬರು ಕೇಳಿದರು. ಮನೆಯಲ್ಲಿ ರೋಗಿಯೊಂದಿರುವಾಗ ಇದು ವಿವೇಕವೇ ಎಂದು ನನ್ನ ಅತ್ತೆಯವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಆದರೂ ಒಪ್ಪಿದೆವು.

ಮೊದಲ ವಾರ ನಾನು ತಪ್ಪು ಮಾಡಿದೆ. ಎರಡನ್ನೂ ಒಂದೇ ಹಾಲ್‌ನಲ್ಲಿ ಬಿಟ್ಟೆ. ಹೊಸತು ಸೋಫಾದ ಹಿಂದೆ ಸೇರಿಕೊಂಡು ಗುರುಗುಟ್ಟಿತು. ರಾಣಿ ಒಂದು ದಿನವಿಡೀ ಅನ್ನ ಮುಟ್ಟಲಿಲ್ಲ. ಬೀದಿಯಿಂದ ಬಂದ ನಾಯಿಯ ಮೈಮೇಲಿನ ಉಣ್ಣೆಗಳಿಂದ ಎರ್ಲಿಕಿಯಾ ಜ್ವರ ಬರಬಹುದು, ಡಿಸ್ಟೆಂಪರ್ ಇರಬಹುದು, ಮುದಿ ದೇಹ ಅದನ್ನು ತಾಳಲಾರದು ಎಂದು ಪಶುವೈದ್ಯರು ಗದರಿದ ಮೇಲೆ ಒಳಕೋಣೆಯೊಂದನ್ನು ಖಾಲಿ ಮಾಡಿ, ಬೇರೆ ಬಟ್ಟಲು, ಬೇರೆ ಚಾಪೆ, ಬೇರೆ ಪೊರಕೆ ಇಟ್ಟು ಎರಡು ವಾರ ಬೇರ್ಪಡಿಸಿದೆವು. ರೋಗಿಯಿರುವ ಮನೆಯಲ್ಲಿ ಇನ್ನೊಂದಕ್ಕೆ ಆಶ್ರಯ ಕೊಡುವವರು ಮೊದಲ ದಿನವೇ ಮಾಡಬೇಕಾದ ಕೆಲಸವಿದು.

ಹೆದರಿದ ನಾಯಿಯನ್ನು ಕಂಡವರಿಗಷ್ಟೇ ಗೊತ್ತು, ಹೆದರಿಕೆಯೂ ಒಂದು ಕಾಯಿಲೆಯೆಂದು. ಅದು ಬೊಗಳಲಿಲ್ಲ, ಕಚ್ಚಲಿಲ್ಲ. ಮಂಚದ ಕೆಳಗಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿತು. ಬಾಲ ಹೊಟ್ಟೆಯಡಿ ಸೇರಿತ್ತು. ನಾವು ಬಾಗಿಲು ತೆರೆದರೆ ತುಟಿ ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದ ಆಕಳಿಕೆ, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ: ಇವೆಲ್ಲವೂ ಭಯದ ಭಾಷೆಯೆಂದು ನಂತರ ಕಲಿತೆವು. ಮೇಲಿಂದ ಬಗ್ಗಿ ತಲೆ ಸವರಬಾರದು. ಕಣ್ಣಿನಲ್ಲಿ ಕಣ್ಣಿಟ್ಟು ನೋಡಬಾರದು. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕುಳಿತು, ಪುಸ್ತಕ ಓದುತ್ತಲೋ ಜಪ ಮಾಡುತ್ತಲೋ ಇರಬೇಕು; ಅನ್ನದ ತುತ್ತನ್ನು ದೂರದಲ್ಲಿಟ್ಟು ದಿನಕ್ಕೊಂದು ಗೇಣು ಹತ್ತಿರ ತರಬೇಕು. ಮುಟ್ಟುವ ನಿರ್ಧಾರ ಅದರದ್ದಾಗಬೇಕು. ಇಷ್ಟೆಲ್ಲ ನಡೆಯುತ್ತಿರುವಾಗ ಲೋಹಗಾಂವ್ ವಾಯುನೆಲೆಯಿಂದ ಸುಖೋಯ್ ವಿಮಾನವೊಂದು ಏರಿತೆನ್ನಿ. ಕಿಟಕಿಯ ಗಾಜು ನಡುಗುತ್ತದೆ, ನಾಲ್ಕು ದಿನದ ಪ್ರಗತಿ ಮಂಚದ ಕೆಳಗೆ ಮರಳುತ್ತದೆ. ಇಪ್ಪತ್ತಮೂರನೆಯ ದಿನ ಅದು ನನ್ನ ಅಂಗೈಯನ್ನು ಮೂಸಿತು. ಆ ದಿನ ಅತ್ತೆಯವರು ಯಾವ ಟೀಕೆಯನ್ನೂ ಮಾಡದೆ ಇನ್ನೊಂದು ಹಿಡಿ ಅಕ್ಕಿಯನ್ನು ಕುಕ್ಕರಿಗೆ ಹಾಕಿದರು.

ಈಗ ಸಮಾಜ ಬಾಂಧವರನ್ನು ಕೇಳುತ್ತೇನೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ನಮ್ಮ ಮಕ್ಕಳು ಪಾಠಶಾಲೆಯಲ್ಲಿ ಬಾಯಿಪಾಠ ಮಾಡುತ್ತಾರೆ. ಆಹಾರದಾನಕ್ಕೆ ಕೂಪನ್ ಉಂಟು, ಔಷಧದಾನಕ್ಕೆ ಶಿಬಿರ ಉಂಟು, ಶಾಸ್ತ್ರದಾನಕ್ಕೆ ಮುಖಪುಟದ ಒಳಗೆ ದಾನಿಗಳ ಭಾವಚಿತ್ರ ಉಂಟು. ಅಭಯದಾನಕ್ಕೆ ಮಾತ್ರ ರಸೀದಿ ಕೊಡುವ ಕಚೇರಿ ಇನ್ನೂ ತೆರೆದಿಲ್ಲ. ಆದ್ದರಿಂದ ಅದು ಶ್ಲೋಕದಲ್ಲೇ ಉಳಿದಿದೆ. ಜೀವದಯೆಯನ್ನು ನಾವು ಹಣಕ್ಕೆ ಬದಲಾಯಿಸಿಕೊಂಡಿದ್ದೇವೆ. ದೂರದ ಗೋಶಾಲೆಗೆ ಲಕ್ಷಗಟ್ಟಲೆ ಕಳುಹಿಸುವ ಕೈ, ನಮ್ಮದೇ ಮೆಟ್ಟಿಲ ಕೆಳಗೆ ನಡುಗುವ ಜೀವಕ್ಕೆ ನೀರಿನ ಬಟ್ಟಲಿಡುವ ಮುನ್ನ ಸಮಿತಿಯ ಅನುಮತಿ ಕೇಳುತ್ತದೆ.

ಪಾಂಜರಪೋಳವೆಂದರೆ ಇಂದು ನಮಗೆ ಹಸುಗಳ ನೆನಪು ಮಾತ್ರ. ಆದರೆ ಮುಂಬಯಿಯ ಪಾಂಜರಪೋಳದ ಹುಟ್ಟಿಗೆ ಕಾರಣವಾದದ್ದು ನಾಯಿಗಳು. 1832ರ ಜೂನ್‌ನಲ್ಲಿ ಬ್ರಿಟಿಷ್ ಆಡಳಿತ ಬೀದಿನಾಯಿಗಳನ್ನು ಕೊಲ್ಲಿಸಲು ಹೊರಟಾಗ ಪಾರಸಿಗಳು ಬೀದಿಗಿಳಿದರು. ಹಿಂದೂಗಳೂ ಜೈನರೂ ಮುಸಲ್ಮಾನರಲ್ಲಿ ಕೆಲವರೂ ಜೊತೆಗೂಡಿದರು. ನಗರದ ವ್ಯವಹಾರ ನಿಂತಿತು. ಎರಡು ವರ್ಷಗಳ ನಂತರ, 1834ರಲ್ಲಿ, ಜಮ್ಸೆಟ್‌ಜೀ ಜೀಜೀಭಾಯ್ ಮತ್ತು ಅಮೀಚಂದ್ ಶಾಹ ಅವರ ಮುಂದಾಳುತನದಲ್ಲಿ ಆ ಸಂಸ್ಥೆ ನಿಂತಿತು. ಆ ವ್ಯಾಪಾರಿಗಳಿಗೆ ನಾಯಿ ಹೊಲಸೆಂದು ತೋರಲಿಲ್ಲ. ಇಂದಿನ ವ್ಯಾಪಾರಿಗಳಾದ ನಮಗೆ ಲಿಫ್ಟಿನಲ್ಲಿ ನಾಯಿಯ ವಾಸನೆ ಸಹಿಸಲಾಗುತ್ತಿಲ್ಲ.

ವಿರೋಧಿಸುವವರ ಮಾತುಗಳಲ್ಲಿ ಎಲ್ಲವೂ ಹುರುಳಿಲ್ಲದವಲ್ಲ. ಮಕ್ಕಳಿಗೆ ಕಚ್ಚಿದರೇನು ಗತಿ ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚಿನ ಪಾಲು ನಮ್ಮ ದೇಶದ್ದು. 2019ರ ಜಾನುವಾರು ಗಣತಿಯಲ್ಲಿ ಎಣಿಸಿದ ಬೀದಿನಾಯಿಗಳು ಸುಮಾರು 1.53 ಕೋಟಿ. ಕಚ್ಚಿಸಿಕೊಂಡ ಮಗುವಿನ ತಾಯಿಗೆ ಅಹಿಂಸೆಯ ಉಪನ್ಯಾಸ ಕೊಡುವವರ ಪಂಕ್ತಿಯಲ್ಲಿ ನಾನಿಲ್ಲ. ಆದರೆ ಮನೆಯೊಳಗೆ ಬಂದು, ಲಸಿಕೆ ಪಡೆದು, ಸಂತಾನಹರಣ ಶಸ್ತ್ರಕ್ರಿಯೆಯಾಗಿ, ಹಗ್ಗದಲ್ಲಿ ನಡೆಯಲು ಕಲಿತ ನಾಯಿಯೊಂದು ಬೀದಿಯಿಂದ ಕಡಿಮೆಯಾದ ನಾಯಿಯೊಂದಲ್ಲವೇ? ಕಚ್ಚುವ ಭಯವುಳ್ಳವರು ನನ್ನ ಬೆನ್ನಿಗೆ ನಿಲ್ಲಬೇಕಿತ್ತು.

ಎರಡನೆಯ ಆಕ್ಷೇಪ ಶಾಸ್ತ್ರದ್ದು. ಬೆಕ್ಕು ಮೊದಲಾದ ಹಿಂಸಕ ಪ್ರಾಣಿಗಳನ್ನು ಸಾಕುವುದು ಅನರ್ಥದಂಡವೆಂದು ಕಾರ್ತಿಕೇಯಾನುಪ್ರೇಕ್ಷೆಯಲ್ಲಿದೆ. ಹಿರಿಯರೊಬ್ಬರು ಇದನ್ನು ನನಗೆ ತೋರಿಸಿದರು. ಇದೆ, ಒಪ್ಪುತ್ತೇನೆ. ಪ್ರಯೋಜನವಿಲ್ಲದೆ ಪಾಪವನ್ನು ಬರಮಾಡಿಕೊಳ್ಳುವುದು ಅನರ್ಥದಂಡ. ಬೇಟೆಗೆಂದೋ ಮೋಜಿಗೆಂದೋ ನಾಯಿಯನ್ನು ಕೊಂಡು ತಂದವನಿಗೆ ಆ ಮಾತು ಸಲ್ಲಲಿ. ಗುಂಡಿಯಲ್ಲಿ ಬಿದ್ದಿದ್ದ ಜೀವವನ್ನು ಎತ್ತಿಕೊಂಡದ್ದು ಯಾವ ಮೋಜು? ಶಾಸ್ತ್ರದ ಆ ಪುಟವನ್ನು ತೆರೆಯುವವರು ರತ್ನಕರಂಡಕ ಶ್ರಾವಕಾಚಾರವನ್ನೂ ತೆರೆಯಲಿ. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಸಮಂತಭದ್ರ ಸ್ವಾಮಿಗಳು ಎಣಿಸುತ್ತಾರೆ: ಅಂಗಚ್ಛೇದನ, ಬಂಧನ, ಪೀಡನ, ಅತಿಭಾರ ಹೊರಿಸುವುದು, ಆಹಾರವನ್ನು ತಡೆಯುವುದು. ನಮ್ಮ ಸಮಿತಿ ಮಳೆಗಾಲದ ಆರಂಭದಲ್ಲಿ ಗೇಟಿನ ಬಳಿಯ ಅನ್ನದ ಬಟ್ಟಲುಗಳನ್ನು ಕಸದ ಗಾಡಿಗೆ ಹಾಕಿಸಿತು. ಅದು ಐದನೆಯದಕ್ಕೆ ಸೇರುತ್ತದೋ ಇಲ್ಲವೋ ಎಂದು ಅದೇ ಹಿರಿಯರನ್ನು ಕೇಳಿದೆ. ಉತ್ತರ ಇನ್ನೂ ಬಂದಿಲ್ಲ. ಧರ್ಮದಿಂದ ನಾಯಿಯೂ ದೇವನಾಗುತ್ತದೆ, ಪಾಪದಿಂದ ದೇವನೂ ನಾಯಿಯಾಗುತ್ತಾನೆ ಎಂಬ ಅರ್ಥದ ಮಾತೂ ಅದೇ ಗ್ರಂಥದಲ್ಲಿದೆ. ಇನ್ನು ಜೀವಂಧರನ ಕಥೆಯನ್ನು ನಮ್ಮಲ್ಲಿ ಕೇಳದವರಾರು? ಯಜ್ಞದ ಅನ್ನವನ್ನು ಮುಟ್ಟಿತೆಂದು ಬಡಿಸಿಕೊಂಡು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಆತ ಪಂಚನಮಸ್ಕಾರವನ್ನು ನುಡಿದ. ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿತು. ಆ ಕಥೆಯಲ್ಲಿ ಅನ್ನ ಮೈಲಿಗೆಯಾಯಿತೆಂದು ದೊಣ್ಣೆ ಎತ್ತಿದವರೂ ಇದ್ದಾರೆ. ನಾವು ಪ್ರವಚನ ಕೇಳುವಾಗ ಜೀವಂಧರನ ಪಕ್ಷ, ಸೂಚನೆ ಬರೆಯುವಾಗ ದೊಣ್ಣೆಯವರ ಪಕ್ಷ.

ಮೂರನೆಯದು ಅಡುಗೆಮನೆ. ಇಲ್ಲಿ ನಾನು ನಿರ್ದೋಷಿಯೆಂದು ಹೇಳಿಕೊಳ್ಳಲಾರೆ. ಆರೋಗ್ಯವಂತ ನಾಯಿಯನ್ನು ಪಶುವೈದ್ಯರ ಸಲಹೆಯಂತೆ ಸಸ್ಯಾಹಾರದಲ್ಲಿ ಸಾಕಬಹುದು. ಬೆಕ್ಕನ್ನು ಹಾಗೆ ಸಾಕಲಾಗದು. ಹೊಸ ನಾಯಿ ಅನ್ನ, ಬೇಳೆ, ಕುಂಬಳ, ಮೊಸರಿನ ಜೊತೆಗೆ ವೈದ್ಯರು ಹೇಳಿದ ಪೂರಕಗಳನ್ನು ತಿಂದು ಮೈತುಂಬಿಕೊಂಡಿದೆ. ರಾಣಿಯ ವಿಷಯ ಬೇರೆ. ಸೋಲುತ್ತಿರುವ ಮೂತ್ರಪಿಂಡಕ್ಕೆ ರಂಜಕ ಕಡಿಮೆಯಿರುವ, ಸುಲಭವಾಗಿ ಮೈಗೂಡುವ ಪ್ರೋಟೀನ್ ಬೇಕು. ಬೇಳೆಯೂ ಪನೀರೂ ಆ ಲೆಕ್ಕಕ್ಕೆ ಹೊಂದಲಿಲ್ಲ. ವೈದ್ಯರು ಹೇಳಿದ್ದು ಬೇಯಿಸಿದ ಮೊಟ್ಟೆಯ ಬಿಳಿಭಾಗ. ಮೂರು ರಾತ್ರಿ ಯೋಚಿಸಿ ತಂದೆ. ಬಾಲ್ಕನಿಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ. ಇದನ್ನು ಪುಣ್ಯವೆಂದು ನಾನು ಕರೆಯುವುದಿಲ್ಲ. ನನ್ನ ಪ್ರತಿಕ್ರಮಣದಲ್ಲಿ ಅದನ್ನು ದೋಷವಾಗಿಯೇ ನೆನೆಯುತ್ತೇನೆ. ಆದರೆ ಹದಿಮೂರು ವರ್ಷ ನನ್ನನ್ನೇ ನಂಬಿದ ಜೀವವನ್ನು ನನ್ನ ವ್ರತದ ಶುದ್ಧಿಗಾಗಿ ಹಸಿವಿಗೆ ಒಪ್ಪಿಸುವುದು ಇನ್ನೂ ದೊಡ್ಡ ದೋಷವೆಂದು ತೋರಿತು. ಬೇರೆ ದಾರಿ ಬಲ್ಲವರು ಹೇಳಲಿ, ಕಲಿಯುತ್ತೇನೆ. ದಾರಿ ಹೇಳದೆ ಮೂಗು ಮುಚ್ಚಿಕೊಳ್ಳುವವರ ಮಾತಿಗೆ ಬೆಲೆ ಕೊಡಲಾರೆ.

‘ಅದರ ಕರ್ಮ, ಅದು ಅನುಭವಿಸುತ್ತದೆ’ ಎಂಬುದು ನಾಲ್ಕನೆಯ ಮಾತು. ಹಾಗಾದರೆ ಮುನಿಗಳಿಗೆ ಜ್ವರ ಬಂದಾಗ ವೈಯಾವೃತ್ಯವನ್ನೇಕೆ ಮಾಡುತ್ತೀರಿ?

ಕಾನೂನಿನ ಮಾತಿಗೆ ಬರೋಣ, ಏಕೆಂದರೆ ಸಮಿತಿಯವರಿಗೆ ಶಾಸ್ತ್ರಕ್ಕಿಂತ ಅದರ ಭಯ ಹೆಚ್ಚು. ಬಹುಮತದ ನಿರ್ಣಯದಿಂದಲೂ ಸಾಕುನಾಯಿಯನ್ನು ನಿಷೇಧಿಸಲಾಗದು, ಲಿಫ್ಟ್ ನಿರಾಕರಿಸಲಾಗದು ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿಯೇ ತಿಳಿಸಿದೆ. ನಾಯಿಗಳಿಗೆ ಅನ್ನವಿಡುವ ಜಾಗವನ್ನು ಮಕ್ಕಳು ಆಡುವ ಸ್ಥಳದಿಂದಲೂ ಮೆಟ್ಟಿಲಿನಿಂದಲೂ ದೂರದಲ್ಲಿ ಗುರುತಿಸಿಕೊಡುವ ಹೊಣೆಯನ್ನು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ನಿವಾಸಿಗಳ ಸಂಘದ ಮೇಲೆಯೂ ಹೊರಿಸಿವೆ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಲ್ಲಿ ಅಪರಾಧ. ಮೊದಲ ಅಪರಾಧಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ ಎಂಬುದು ಬೇರೆ ಮಾತು. ಐವತ್ತು ರೂಪಾಯಿಗೆ ಇಂದು ಈ ಬಡಾವಣೆಯ ಕೆಫೆಗಳಲ್ಲಿ ಒಂದು ಲೋಟ ಚಹಾ ಕೂಡ ಸಿಗುವುದು ಕಷ್ಟ.

ಸುಪ್ರೀಂ ಕೋರ್ಟಿನ ಆದೇಶವನ್ನು ಸಮಿತಿಯವರು ಬಾಯಿಮಾತಿನಲ್ಲಿ ಉಲ್ಲೇಖಿಸುತ್ತಾರೆ. ಓದಿದಂತೆ ಕಾಣುವುದಿಲ್ಲ. ದೆಹಲಿ ಪ್ರದೇಶದ ನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಿಗೆ ಸೇರಿಸಬೇಕೆಂಬ 2025ರ ಆಗಸ್ಟ್ 11ರ ಆದೇಶವನ್ನು ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಬದಲಾಯಿಸಿತು. ರೇಬೀಸ್ ತಗುಲಿದ ಮತ್ತು ಆಕ್ರಮಣಶೀಲ ನಾಯಿಗಳನ್ನುಳಿದು ಮಿಕ್ಕವನ್ನು ಶಸ್ತ್ರಕ್ರಿಯೆ, ಲಸಿಕೆಗಳ ನಂತರ ಅದೇ ಜಾಗಕ್ಕೆ ಬಿಡಬೇಕು. ಅನ್ನವನ್ನು ಗೊತ್ತುಪಡಿಸಿದ ಸ್ಥಳದಲ್ಲಿ ಮಾತ್ರ ಇಡಬೇಕು. ಬೀದಿನಾಯಿಯನ್ನು ದತ್ತು ಪಡೆಯಲು ಬಯಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದು, ಆದರೆ ಅದು ಮರಳಿ ಬೀದಿಗೆ ಬರಕೂಡದು. ನವೆಂಬರ್ 7ರ ಆದೇಶದಿಂದ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ನಾಯಿಗಳನ್ನು ತೆಗೆದು ಬೇರೆಡೆ ಇರಿಸಬೇಕಾಗಿದೆ. ಆ ಬೇರೆಡೆ ಎಲ್ಲಿದೆ? ನ್ಯಾಯಾಲಯ ದತ್ತು ಎನ್ನುತ್ತದೆ, ಹೌಸಿಂಗ್ ಸೊಸೈಟಿ ಗೇಟು ಮುಚ್ಚುತ್ತದೆ. ಹೆದರಿದ ನಾಯಿ ಗುಂಡಿಯಿಂದ ನೇರವಾಗಿ ದತ್ತುಮನೆಗೆ ಹೋಗಲಾರದು. ನಡುವೆ ಕೆಲವು ತಿಂಗಳು ಯಾರದೋ ಮಂಚದ ಕೆಳಗಿನ ಮೂಲೆ ಬೇಕು.

ನಾಂದಣಿ ಮಠದ ಆನೆ ಮಹಾದೇವಿಯನ್ನು 2025ರ ಜುಲೈ ಕೊನೆಯಲ್ಲಿ ವನತಾರಾಕ್ಕೆ ಸಾಗಿಸಿದಾಗ ಕೊಲ್ಲಾಪುರ, ಸಾಂಗಲಿ, ಬೆಳಗಾವಿ ಸೀಮೆಯ ನಮ್ಮ ಜನ ಬೀದಿಗಿಳಿದರು. ನನ್ನ ತವರು ಶೇಡಬಾಳದ ಕಡೆಯದು. ನನ್ನ ಬಂಧುಗಳೂ ಕಣ್ಣೀರಿಟ್ಟರು, ಆ ಕಣ್ಣೀರು ಸುಳ್ಳಲ್ಲ. ಆದರೆ ಮುಂಬಯಿ ಹೈಕೋರ್ಟ್ ನೋಡಿದ್ದು ಆನೆಯ ಪಾದಗಳನ್ನು, ಅದರ ಬದುಕಿನ ಗುಣವನ್ನು. ನಾವು ನೋಡಿದ್ದು ನಮ್ಮ ಮಠದ ಮಾನವನ್ನು. ಮುಂದಿನ ವಾರ ದಾದರಿನ ಕಬೂತರ್‌ಖಾನಾದ ಮೇಲೆ ಹೊದಿಸಿದ ತಾಡಪಾಲನ್ನು ಹರಿದೆವು. ಆನೆಗೂ ಪಾರಿವಾಳಕ್ಕೂ ಒಂದೇ ತಿಂಗಳಲ್ಲಿ ಎದ್ದು ನಿಂತ ಸಮಾಜ, ನಾಯಿಯ ವಿಷಯದಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ವಾದ ನಡೆಯುತ್ತಿದ್ದಾಗ ಎಲ್ಲಿತ್ತು? ಪಾರಿವಾಳಕ್ಕೆ ಜೋಳ ಎರಚಿದರೆ ಕೈ ಮೈಲಿಗೆಯಾಗುವುದಿಲ್ಲ. ಅದು ಮನೆಯೊಳಗೆ ಬಂದು ಮಲಗುವುದಿಲ್ಲ.

ಅಕ್ಟೋಬರ್‌ನಲ್ಲಿ ದೀಪಾವಳಿ ಬಂತು. ಮಹಾವೀರ ಸ್ವಾಮಿಯ ನಿರ್ವಾಣದ ದಿನ ಬೆಳಿಗ್ಗೆ ಲಾಡು ಸಮರ್ಪಿಸಿದ ಮನೆಗಳ ಮಕ್ಕಳೇ ರಾತ್ರಿ ಹನ್ನೊಂದರವರೆಗೆ ಕೆಳಗೆ ಸರಪಟಾಕಿ ಹಚ್ಚಿದರು, ಹಚ್ಚಿಸಿದವರು ಅಪ್ಪಂದಿರು. ಹೊಸ ನಾಯಿ ಬಚ್ಚಲುಮನೆಯ ಬಕೆಟ್ಟಿನ ಹಿಂದೆ ಸೇರಿ ತನ್ನ ಮೇಲೆಯೇ ಮೂತ್ರ ಮಾಡಿಕೊಂಡಿತು. ರಾಣಿಗೆ ಈಗ ಕಿವಿ ಅಷ್ಟಾಗಿ ಕೇಳದು. ಅದು ಎದ್ದು, ತೂರಾಡುತ್ತ ಬಂದು, ಬಚ್ಚಲಿನ ಹೊಸ್ತಿಲ ಮೇಲೆ ಮಲಗಿತು. ನಾನು ಅಲ್ಲಿಯೇ ಗೋಡೆಗೊರಗಿ ಅದಕ್ಕೆ ದ್ರವವನ್ನು ಇಳಿಸಿದೆ.

ಮುಂದಿನ ಭಾನುವಾರ ಸಮಿತಿಯ ಸಭೆಯಿದೆ. ಸೂಚನೆಯನ್ನು ಹಿಂತೆಗೆಯಬೇಕು, ಹಿಂದಿನ ಗೋಡೆಯ ಬದಿ ಅನ್ನವಿಡಲು ಜಾಗ ಗುರುತಿಸಬೇಕು, ಗೇಟಿನ ಹೊರಗಿನ ಆರು ನಾಯಿಗಳ ಶಸ್ತ್ರಕ್ರಿಯೆ, ಲಸಿಕೆಗಳ ವೆಚ್ಚವನ್ನು ಪರ್ವದಲ್ಲಿ ಕೂಡಿಸಿದ ಜೀವದಯಾ ನಿಧಿಯಿಂದ ಕೊಡಬೇಕು ಎಂದು ಬರೆದುಕೊಟ್ಟಿದ್ದೇನೆ. ಮೂರು ಮನೆಗಳವರು ಸಹಿ ಹಾಕಿದ್ದಾರೆ. ಅವರಲ್ಲಿ ಇಬ್ಬರು ಜೈನರಲ್ಲ. ರಾಣಿಯ ರಕ್ತಪರೀಕ್ಷೆಯ ಅಂಕಿಗಳು ಈ ವಾರ ಇನ್ನೂ ಕೆಟ್ಟಿವೆ. ಹೊಸತಕ್ಕೆ ನಾವು ಹೆಸರಿಟ್ಟಿಲ್ಲ, ಒಯ್ಯುವವರು ಇಡಲಿ ಎಂದು. ಅದನ್ನು ಹೊರಗೆ ಬಿಡಲು ಕೊಟ್ಟ ಮೂರು ದಿನಗಳ ಗಡುವು ಮುಗಿದು ಎರಡು ತಿಂಗಳು ದಾಟಿದೆ.