ಮುಚ್ಚಿದ ಬಾಗಿಲು, ತೆರೆದ ಪರದೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ನಮ್ಮ ಮನೆಗಳಲ್ಲಿ ಇಶಾ ನಮಾಝಿನ ಬಳಿಕ ಬಾಗಿಲು ಮುಚ್ಚಿ, ಇನ್ನು ಅಪರಿಚಿತರು ಯಾರೂ ಒಳಬರಲಾರರೆಂಬ ನೆಮ್ಮದಿಯಿಂದ ಮಲಗುತ್ತೇವೆ. ಆದರೆ ಅದೇ ಹೊತ್ತಿಗೆ ಮಗನ ಕೈಯಲ್ಲಿರುವ ಮೊಬೈಲಿನಲ್ಲಿ ನೂರಾರು ಅಪರಿಚಿತ ಮುಖಗಳು ಸಾಲುಗಟ್ಟಿ ನಿಂತಿರಬಹುದು. ದುಡಿಮೆಗೆಂದು ಮೈಸೂರು, ಬೆಂಗಳೂರಿನ ಬಾಡಿಗೆ ಕೋಣೆಗಳಲ್ಲಿರುವ ಯುವಕರ ಪಾಲಿಗಂತೂ ಕೇಳುವವರೇ ಇರುವುದಿಲ್ಲ.

ಲೈವ್ ಚಾಟ್ ಆ್ಯಪ್‌ಗಳಲ್ಲಿ ಪ್ರತಿಯೊಂದು ಭಾವಚಿತ್ರದ ಜೊತೆ ಹೆಸರು, ವಯಸ್ಸು, ಈಗ ಮಾತಿಗೆ ಸಿಗುತ್ತಾರೆಂದು ಸೂಚಿಸುವ ಹಸಿರು ಚುಕ್ಕೆ ಇರುತ್ತವೆ. ಬೆರಳು ಸರಿಸುತ್ತಾ ಹೋಗಿ ಮೆಚ್ಚಿದವರನ್ನು ಆರಿಸುವುದು. ಬಳಿಕ ಅನೇಕ ಕಡೆ ನಿಮಿಷಕ್ಕಿಷ್ಟೆಂದು ಹಣ ತೆರುವುದು. ಚಿತ್ರದಲ್ಲಿರುವವರೇ ಮಾತನಾಡುತ್ತಿದ್ದಾರೆಂಬ ಖಾತರಿಯಿಲ್ಲ. ಆಚೆ ಬದಿಯವರು ದೃಶ್ಯವನ್ನು ರೆಕಾರ್ಡ್ ಮಾಡಿ ಬೆದರಿಸಲೂಬಹುದು. ಅಪರಿಚಿತರನ್ನು ಮುಖಾಮುಖಿಯಾಗಿಸುತ್ತಿದ್ದ ಒಮೆಗಲ್ ತಾಣವು 2009ರಲ್ಲಿ ಆರಂಭವಾಗಿ, ಮಕ್ಕಳ ಲೈಂಗಿಕ ಶೋಷಣೆಯ ಆರೋಪಗಳ ನಡುವೆ 2023ರ ನವೆಂಬರ್‌ನಲ್ಲಿ ಮುಚ್ಚಿತು. ಒಂದು ತಾಣ ಮುಚ್ಚಿದರೂ ಆ ಚಟ ಮುಚ್ಚಲಿಲ್ಲ.

ಹಣದ ನಷ್ಟಕ್ಕಿಂತಲೂ ದೊಡ್ಡ ನಷ್ಟವೊಂದಿದೆ. ಆದಮರ ಸಂತತಿಯನ್ನು ಅಲ್ಲಾಹನು ಗೌರವಿಸಿದ್ದಾನೆ. ಸಂತೆಯಲ್ಲಿ ಹಣ್ಣು ಆರಿಸುವಂತೆ ಮನುಷ್ಯರನ್ನು ಆರಿಸಿ ಬದಿಗೆ ತಳ್ಳುವ ಕಣ್ಣಿಗೆ ಆ ಗೌರವ ಕಾಣದಾಗುತ್ತದೆ. ದೃಷ್ಟಿಯನ್ನು ತಗ್ಗಿಸಬೇಕೆಂಬ ಆಜ್ಞೆಯನ್ನು ಸೂರಃ ಅನ್ನೂರ್‌ನ 30ನೇ ಸೂಕ್ತವು ಮೊದಲು ಪುರುಷರಿಗೆ ನೀಡಿತು. ಸ್ತ್ರೀಯರ ಸರದಿ ಬಂದದ್ದು ಮುಂದಿನ ಸೂಕ್ತದಲ್ಲಿ. ಮಗಳ ಮೊಬೈಲನ್ನು ಮಾತ್ರ ಪರಿಶೀಲಿಸುವ ನಾವು ಈ ಕ್ರಮವನ್ನು ಮರೆತಿದ್ದೇವೆ.

ಹಝ್ರತ್ ಯೂಸುಫ್(ಅ)ರನ್ನು ನೆನೆಯೋಣ. ಬಾಗಿಲುಗಳೆಲ್ಲ ಮುಚ್ಚಿದ್ದವು, ಕಾಣುವವರಿರಲಿಲ್ಲ, ಅವರು ತವರಿನಿಂದ ದೂರವಿದ್ದ ತರುಣ. ಆದರೂ ಅಲ್ಲಾಹನ ಅಭಯ ಬೇಡಿ ಬಾಗಿಲಿನತ್ತ ಓಡಿದರು. ಇಂದಿನ ಯುವಕನ ಪರೀಕ್ಷೆಯೂ ಅದೇ; ಅವನು ಓಡಬೇಕಾದ ಬಾಗಿಲು ಹೆಬ್ಬೆರಳಿನಷ್ಟೇ ದೂರದಲ್ಲಿದೆ.

ಆದರೆ ಓಡಿ ಬಂದವನಿಗೆ ನಾವು ತೆರೆದಿಟ್ಟಿರುವ ಬಾಗಿಲು ಯಾವುದು? ವಿವಾಹವಾಗಲು ಬಯಸುವವನು ಕನ್ಯೆಯನ್ನು ನೋಡಲಿ, ಅದು ಪರಸ್ಪರ ಒಲವಿಗೆ ನೆರವಾಗುತ್ತದೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಸದುದ್ದೇಶದ, ಮನೆಯವರ ಅರಿವಿನಲ್ಲಿರುವ ಆ ನೋಟಕ್ಕೂ ಪರದೆಯ ಕಳ್ಳನೋಟಕ್ಕೂ ಅಜಗಜಾಂತರ. ವರದಕ್ಷಿಣೆ, ಶಾದಿಮಹಲಿನ ಖರ್ಚು, ಔತಣದ ಆಡಂಬರದಿಂದ ನಿಕಾಹನ್ನು ದುಬಾರಿಗೊಳಿಸಿದ ನಾವು ಹರಾಮನ್ನು ಅಗ್ಗವಾಗಲು ಬಿಟ್ಟಿದ್ದೇವೆ. ಜಮಾಅತ್‌ಗಳು ಜುಮಾ ಭಾಷಣದಲ್ಲಿ ಮೊಬೈಲನ್ನು ಶಪಿಸಿದರೆ ಸಾಲದು. ಸರಳ ನಿಕಾಹಿಗೆ ಮುಂದಾಗಬೇಕು.

ಈಗಾಗಲೇ ಬೆದರಿಕೆಗೆ ಸಿಲುಕಿದ ಮಕ್ಕಳಿದ್ದರೆ ಮೊದಲು ಹೊಡೆಯಬೇಡಿ, ಕೇಳಿ. ಬೆದರಿಸುವವನಿಗೆ ಹಣ ಕಳುಹಿಸದೆ, ಸಾಕ್ಷ್ಯ ಅಳಿಸದೆ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಾನಕ್ಕೆ ಅಂಜಿ ಮುಚ್ಚಿಟ್ಟಷ್ಟೂ ಬೆದರಿಸುವವನ ಬಲ ಹೆಚ್ಚುತ್ತದೆ. ತೌಬಾದ ಬಾಗಿಲನ್ನು ಅಲ್ಲಾಹನೇ ತೆರೆದಿಟ್ಟಿರುವಾಗ ಮನೆಯ ಬಾಗಿಲನ್ನು ಮುಚ್ಚಲು ನಾವು ಯಾರು?

ಅಲ್ಲಾಹನು ನಮ್ಮ ದೃಷ್ಟಿಯನ್ನೂ ನಮ್ಮ ಮಕ್ಕಳನ್ನೂ ಕಾಪಾಡಲಿ. ಆಮೀನ್.